ಮನೆಯಲ್ಲೇ ಮಾಡುವ ಡಿಶ್‌ವಾಷರ್ ಪುಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಶ್‌ವಾಷರ್ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಕಷ್ಟವೇನಿಲ್ಲ. ಆದರೆ ಅಡುಗೆ ಸೋಡಾ, ಉಪ್ಪು, ನಿಂಬೆರಸ ಮೂರನ್ನೂ ಕಲಸಿಬಿಟ್ಟರೆ ಪಾತ್ರೆ ಫಳಫಳ ಹೊಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಪದಾರ್ಥ ಯಂತ್ರದೊಳಗೆ ಯಾವ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ತಾಪತ್ರಯ ತಪ್ಪುತ್ತದೆ. ಇನ್ನರ್ಧ ನಿಮ್ಮ ನಲ್ಲಿ ನೀರಿನ ಕೈಯಲ್ಲಿದೆ.

ಮನೆಪುಡಿಯಿಂದ ಪಾತ್ರೆ ನಿಜವಾಗಿಯೂ ಶುಚಿಯಾಗುತ್ತದೆಯೇ?

ಆಗುತ್ತದೆ, ಆದರೆ ಅಂಗಡಿಯ ಒಳ್ಳೆಯ ಮಾತ್ರೆಯಷ್ಟು ಅಲ್ಲ. ಅದಕ್ಕೆ ಕಾರಣ ಕಿಣ್ವಗಳು. ಅಂಗಡಿಯ ಪುಡಿಯಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಇರುತ್ತವೆ. ತಳ ಹಿಡಿದ ಗಂಜಿ, ಒಣಗಿದ ಮೊಟ್ಟೆ, ಹಾಲಿನ ಕೆನೆ ಇವನ್ನೆಲ್ಲ ಬಿಡಿಸುವುದು ಅವೇ. ಅವನ್ನು ಮನೆಯಲ್ಲಿ ತಯಾರಿಸಲು ಬರುವುದಿಲ್ಲ.

ಜರ್ಮನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ತೊಳೆಯುವ ಕೆಲಸವನ್ನು ನಾಲ್ಕು ಭಾಗ ಮಾಡಿ ತೋರಿಸಿದ: ರಾಸಾಯನಿಕ, ಶಾಖ, ಸಮಯ, ಮತ್ತು ಉಜ್ಜುವ ಅಥವಾ ನೀರು ಚಿಮ್ಮುವ ಬಲ. ಒಂದನ್ನು ಕಡಿಮೆ ಮಾಡಿದರೆ ಉಳಿದವು ಹೆಚ್ಚಾಗಬೇಕು. ಮನೆಪುಡಿ ಬಳಸುವವರು ರಾಸಾಯನಿಕವನ್ನು ಕಡಿಮೆ ಮಾಡಿಕೊಂಡಿರುತ್ತಾರೆ. ಹಾಗಾಗಿ ಬಿಸಿಯನ್ನೂ ಸಮಯವನ್ನೂ ಹೆಚ್ಚಿಸಲೇಬೇಕು. ಅರ್ಧ ಗಂಟೆಯ ಕ್ವಿಕ್ ವಾಷ್‌ನಲ್ಲಿ ಮನೆಪುಡಿ ಹಾಕಿ, ಆಮೇಲೆ ಪುಡಿಯನ್ನು ಬೈದು ಪ್ರಯೋಜನವಿಲ್ಲ.

ಏನೇನು ಬೇಕು? ಅಳತೆ ಎಷ್ಟು?

ನಾನು ಸೂಚಿಸುವುದು ಇಷ್ಟೇ:

ವಾಷಿಂಗ್ ಸೋಡಾ (ನೀರಿನಂಶವಿಲ್ಲದ ಪುಡಿ): 400 ಗ್ರಾಂ
ಟ್ರೈಸೋಡಿಯಂ ಸಿಟ್ರೇಟ್: 300 ಗ್ರಾಂ
ಸೋಡಿಯಂ ಪರ್‌ಕಾರ್ಬನೇಟ್: ಬೇರೆ ಡಬ್ಬಿಯಲ್ಲಿ, ಪ್ರತಿ ತೊಳೆತಕ್ಕೆ ಒಂದು ಚಿಕ್ಕ ಚಮಚ

ಮೊದಲ ಎರಡನ್ನು ಒಣ ಪಾತ್ರೆಯಲ್ಲಿ, ಒಣ ಚಮಚದಿಂದ ಬೆರೆಸಿ ಗಾಳಿಯಾಡದ ಡಬ್ಬಿಗೆ ತುಂಬಿಡಿ. ವಾಷಿಂಗ್ ಸೋಡಾ ಕ್ಷಾರ. ಅದರ ದ್ರಾವಣದ ಪಿಎಚ್ (7 ದಾಟಿ ಏರಿದಷ್ಟೂ ಕ್ಷಾರ ಹೆಚ್ಚು ಎಂದು ತೋರಿಸುವ ಅಳತೆ) ಸುಮಾರು 11. ಬಿಸಿನೀರಿನ ಜೊತೆ ಸೇರಿ ಜಿಡ್ಡನ್ನು ಬಿಡಿಸುವುದು, ಜಿಡ್ಡಿನ ಒಂದಂಶವನ್ನು ಅಲ್ಲೇ ಸಾಬೂನಾಗಿಸುವುದು ಅದರ ಕೆಲಸ. ಸಿಟ್ರೇಟ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಪಾತ್ರೆಗೆ ಅಂಟದಂತೆ ತಡೆಯುತ್ತದೆ. ಪರ್‌ಕಾರ್ಬನೇಟ್ ನೀರಿಗೆ ಬಿದ್ದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಚಹಾ, ಕಾಫಿಯ ಕಂದು ಕಲೆ ಹೋಗುವುದು ಅದರಿಂದ. ಕಲೆಯ ಗೊಡವೆ ಇಲ್ಲದ ದಿನ ಅದನ್ನು ಬಿಟ್ಟರೂ ನಡೆಯುತ್ತದೆ.

ವಾಷಿಂಗ್ ಸೋಡಾ ಕೊಳ್ಳುವಾಗ ಒಂದು ಎಚ್ಚರ. ಗಾಜಿನ ಚೂರಿನಂತೆ ಪಾರದರ್ಶಕ ಹರಳಾಗಿ ಸಿಗುವ ಸೋಡಾದಲ್ಲಿ ತೂಕದ 63 ಶೇಕಡಾ ಬರೀ ನೀರು. ಅದನ್ನೇ 400 ಗ್ರಾಂ ತೂಗಿ ಹಾಕಿದರೆ ನಿಜವಾದ ಸೋಡಾ 150 ಗ್ರಾಂ ಕೂಡ ಇರುವುದಿಲ್ಲ. ಮೇಲಾಗಿ ಆ ನೀರು ಡಬ್ಬಿಯೊಳಗೇ ಒಸರಿ ಎಲ್ಲವನ್ನೂ ಮುದ್ದೆ ಮಾಡುತ್ತದೆ. ಬಿಳಿ ಹಿಟ್ಟಿನಂಥ ಪುಡಿಯನ್ನೇ ಆರಿಸಿಕೊಳ್ಳಿ.

ಟ್ರೈಸೋಡಿಯಂ ಸಿಟ್ರೇಟ್ ಸಿಗುತ್ತಿಲ್ಲ. ಸಿಟ್ರಿಕ್ ಆಮ್ಲ ಹಾಕಬಹುದೇ?

ಹಾಕಬಹುದು, ಆದರೆ ಲೆಕ್ಕ ತಪ್ಪಬಾರದು. ಸಿಟ್ರಿಕ್ ಆಮ್ಲ ನೀರಿನಲ್ಲಿ ವಾಷಿಂಗ್ ಸೋಡಾ ಜೊತೆ ಸೇರಿ ಬುಸ್ಸೆಂದು ನೊರೆಯುಕ್ಕಿಸಿ ಸಿಟ್ರೇಟ್ ಆಗಿ ಬದಲಾಗುತ್ತದೆ. ಬೇಕಾದದ್ದು ಅದೇ ಸಿಟ್ರೇಟ್. ಆದರೆ ಅಷ್ಟಾಗುವಷ್ಟರಲ್ಲಿ 100 ಗ್ರಾಂ ಆಮ್ಲ ಸುಮಾರು 83 ಗ್ರಾಂ ಸೋಡಾವನ್ನು ನುಂಗಿಹಾಕಿರುತ್ತದೆ. ಎರಡನ್ನೂ ಸಮ ತೂಕದಲ್ಲಿ ಹಾಕಿ ಎನ್ನುವ ಪಾಕವಿಧಾನಗಳು ಸೋಲುವುದು ಇಲ್ಲೇ. ಜಿಡ್ಡು ಬಿಡಿಸಬೇಕಾದ ಕ್ಷಾರವೇ ಹೆಚ್ಚೂಕಡಿಮೆ ಉಳಿಯುವುದಿಲ್ಲ, ಬುಸುಗುಟ್ಟಿದ ಸದ್ದಷ್ಟೇ ಲಾಭ.

ಮೇಲಿನ ಅಳತೆಗೆ ಸರಿದೂಗಬೇಕಾದರೆ 560 ಗ್ರಾಂ ವಾಷಿಂಗ್ ಸೋಡಾಕ್ಕೆ 200 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ತೇವ ತಗುಲಿದ ಕೂಡಲೇ ಪ್ರತಿಕ್ರಿಯೆ ಶುರುವಾಗುತ್ತದೆ. ಬೇರೆಬೇರೆ ಡಬ್ಬಿಯಲ್ಲಿಟ್ಟು ತೊಳೆಯುವ ಹೊತ್ತಿಗೆ ಸೇರಿಸುವುದು ಕ್ಷೇಮ.

ಮನೆಯಲ್ಲಿ ಇರುವುದು ಅಡುಗೆ ಸೋಡಾ ಮಾತ್ರ. ಅದೇ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ಅಡುಗೆ ಸೋಡಾದ ಪಿಎಚ್ 8.3ರ ಆಸುಪಾಸು, ಜಿಡ್ಡಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅದನ್ನೇ ವಾಷಿಂಗ್ ಸೋಡಾ ಮಾಡಿಕೊಳ್ಳಬಹುದು. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಸುಮಾರು ಒಂದು ಗಂಟೆ ಇಡಿ, ನಡುವೆ ಒಮ್ಮೆ ಕೆದಕಿ. ಅಲ್ಯೂಮಿನಿಯಂ ತಟ್ಟೆ ಬೇಡ. ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ವಾಷಿಂಗ್ ಸೋಡಾ ಉಳಿಯುತ್ತದೆ.

ಆಯಿತೋ ಇಲ್ಲವೋ ಎಂದು ನೋಡಲು ತಕ್ಕಡಿಯೇ ಸಾಕ್ಷಿ. 500 ಗ್ರಾಂ ಇಟ್ಟಿದ್ದರೆ ಕೊನೆಗೆ ಸುಮಾರು 315 ಗ್ರಾಂ ಇರಬೇಕು. 400 ತೋರಿಸಿದರೆ ಇನ್ನೂ ಬೆಂದಿಲ್ಲ ಎಂದರ್ಥ. ಕಣ್ಣಿಗೂ ವ್ಯತ್ಯಾಸ ಕಾಣುತ್ತದೆ: ಮಿನುಗುವ ನುಣುಪು ಹೋಗಿ ಪುಡಿ ಮಂಕಾಗುತ್ತದೆ. ತಣ್ಣಗಾದ ಮೇಲೂ ಬರಿಗೈಯಲ್ಲಿ ಮುಟ್ಟಬೇಡಿ, ಈಗ ಅದು ಅಡುಗೆಗೆ ಬಳಸುವ ಸೋಡಾ ಅಲ್ಲ.

ಒಂದು ಸಲಕ್ಕೆ ಎಷ್ಟು ಹಾಕಬೇಕು? ಯಾವ ಪ್ರೋಗ್ರಾಂ ಇಡಬೇಕು?

ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂನಷ್ಟು. ಪಾತ್ರೆ ತೀರಾ ಜಿಡ್ಡಾಗಿದ್ದರೆ 20 ಗ್ರಾಂ. ಅದಕ್ಕಿಂತ ಹೆಚ್ಚು ಹಾಕಿದರೆ ಶುಚಿ ಹೆಚ್ಚುವುದಿಲ್ಲ, ಬಿಳಿ ಪುಡಿ ಪಾತ್ರೆಗೇ ಮೆತ್ತಿಕೊಳ್ಳುತ್ತದೆ. 60 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯ ಪ್ರೋಗ್ರಾಂ ಇಡಿ. ಪರ್‌ಕಾರ್ಬನೇಟ್ ಚುರುಕಾಗುವುದೂ 50 ಡಿಗ್ರಿ ದಾಟಿದ ಮೇಲೆಯೇ. ಅಂಗಡಿಯ ಪುಡಿಯಲ್ಲಿ ಕಡಿಮೆ ಬಿಸಿಗೂ ಅದನ್ನು ಕೆಲಸಕ್ಕೆ ಎಬ್ಬಿಸುವ ಟಿಎಇಡಿ ಎಂಬ ಪದಾರ್ಥ ಸೇರಿಸಿರುತ್ತಾರೆ.

ಪಾತ್ರೆಯನ್ನು ಮೊದಲೇ ತೊಳೆದು ಇಡಬೇಕೇ?

ಕಿಣ್ವವಿರುವ ಪುಡಿಯಾದರೆ ಬೇಡ, ಎಂಜಲು ಕೆರೆದು ಹಾಕಿದರೆ ಸಾಕು. ಮನೆಪುಡಿಗೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಪಿಷ್ಟ, ಮೊಟ್ಟೆ, ಹಾಲು ಒಣಗಿದ ಪಾತ್ರೆಗಳನ್ನು ಸ್ವಲ್ಪ ಹೊತ್ತು ನೆನೆಸಿಯೇ ಇಡಬೇಕು. ನೆನೆಸಿದ ನೀರೂ ಖರ್ಚೇ ಎಂಬುದನ್ನು ಮನೆಪುಡಿಯ ಗುಣಗಾನ ಮಾಡುವವರು ಹೇಳುವುದಿಲ್ಲ.

ಗಾಜಿನ ಲೋಟಗಳೆಲ್ಲ ಬೆಳ್ಳಗೆ ಮಂಕಾಗುತ್ತಿವೆ. ಯಾಕೆ?

ಮನೆಪುಡಿಗೆ ಕೈ ಹಾಕಿದವರಲ್ಲಿ ಬಹುಪಾಲು ಮಂದಿ ಅದನ್ನು ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಮಂಕಿಗೆ ಎರಡು ಮೂಲಗಳಿವೆ. ಒಂದಕ್ಕೆ ಮದ್ದಿದೆ, ಇನ್ನೊಂದಕ್ಕಿಲ್ಲ.

ಒಂದು ಲೋಟ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ಕಡೆ ಚೆನ್ನಾಗಿ ಉಜ್ಜಿ, ತೊಳೆದು ಒರೆಸಿ, ಮತ್ತೆ ಬೆಳಕಿಗೆ ಹಿಡಿದು ನೋಡಿ. ಉಜ್ಜಿದ ಜಾಗ ತಿಳಿಯಾಗಿ ಕಂಡರೆ ಅದು ಸುಣ್ಣ. ಉಜ್ಜಿದ ಕಡೆಯೂ ಮೊದಲಿನಂತೆಯೇ ಹಾಲುಬಣ್ಣಕ್ಕೆ ಇದ್ದರೆ, ಅಥವಾ ಕಾಮನಬಿಲ್ಲಿನ ಬಣ್ಣ ಮಿನುಗಿದರೆ, ಗಾಜೇ ಸವೆದಿದೆ.

ಸುಣ್ಣ ಬರುವುದು ಗಡಸು ನೀರಿನಿಂದ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರಿನಿಂದ. ವಾಷಿಂಗ್ ಸೋಡಾ ಒಂದನ್ನೇ ಹಾಕಿದಾಗ ನೀರಿನ ಕ್ಯಾಲ್ಸಿಯಂ ಅದರೊಂದಿಗೆ ಕೂಡಿ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಪಾತ್ರೆಯ ಮೇಲೆಯೇ ಕೂರುತ್ತದೆ. ಹಾಗಾಗಿಯೇ ಸಿಟ್ರೇಟ್ ಬೇಕು. ಆದರೆ ಸಿಟ್ರೇಟ್ ಹಾಕಿಯೂ ಚುಕ್ಕೆ ಉಳಿಯುವುದುಂಟು. ಏಕೆಂದರೆ ನೀವು ಹಾಕಿದ ಪುಡಿಯೆಲ್ಲ ಮುಖ್ಯ ತೊಳೆತದ ಮೂರು ನಾಲ್ಕು ಲೀಟರ್ ನೀರಿನೊಂದಿಗೆ ಹೊರಹೋಗಿರುತ್ತದೆ. ಕೊನೆಯಲ್ಲಿ ಜಾಲಿಸುವುದು ಹೊಸ ನೀರಿನಲ್ಲಿ. ಆ ನೀರಿನಲ್ಲಿ ಸಿಟ್ರೇಟ್ ಇಲ್ಲ, ಸುಣ್ಣ ಮಾತ್ರ ಇದೆ. ಅದು ಲೋಟದ ಮೇಲೆ ಹನಿಹನಿಯಾಗಿ ನಿಂತು ಆರಿದಾಗ ಒಂದೊಂದು ಹನಿಯೂ ಒಂದೊಂದು ಬಿಳಿ ಬಳೆ ಬಿಟ್ಟು ಹೋಗುತ್ತದೆ. ಪುಡಿಯ ಅಳತೆ ಎಷ್ಟು ತಿದ್ದಿದರೂ ಈ ಚುಕ್ಕೆಗಳು ಹೋಗುವುದಿಲ್ಲ. ಇದಕ್ಕೆ ಯಂತ್ರದೊಳಗಿನ ನೀರು ಮೆದುಗೊಳಿಸುವ ಘಟಕ ಅಥವಾ ಕೊನೆಯ ಜಾಲಿಸುವ ನೀರಿಗೆ ಸೇರುವ ರಿನ್ಸ್ ಏಡ್ ಎಂಬ ದ್ರವ ಬೇಕು.

ಗಾಜಿನ ಸವೆತಕ್ಕೆ ಕಾರಣ ಇದಕ್ಕೆ ತದ್ವಿರುದ್ಧ. ತೀರಾ ಮೆದು ನೀರು, ಹೆಚ್ಚು ಕ್ಷಾರ, ಹೆಚ್ಚು ಬಿಸಿ ಮೂರೂ ಸೇರಿದರೆ ಗಾಜಿನ ಮೇಲ್ಮೈ ನಿಧಾನವಾಗಿ ಕರಗುತ್ತದೆ. ಅಂಗಡಿಯ ಪುಡಿಗಳಲ್ಲಿ ಇದನ್ನು ತಡೆಯಲೆಂದೇ ಸಿಲಿಕೇಟ್ ಹಾಕಿರುತ್ತಾರೆ, ಮನೆಪುಡಿಯಲ್ಲಿ ಅದಿಲ್ಲ. ಮೆದು ನೀರಿನ ಮನೆಯವರು ಪುಡಿಯನ್ನು 10 ಗ್ರಾಂಗೆ ಇಳಿಸಿ. ಇಷ್ಟದ ಗಾಜಿನ ಪಾತ್ರೆಗಳನ್ನು ಕೈಯಲ್ಲೇ ತೊಳೆಯಿರಿ. ಒಮ್ಮೆ ಸವೆದ ಗಾಜು ಮತ್ತೆ ಹೊಳಪು ಪಡೆಯುವುದಿಲ್ಲ.

ನಮ್ಮ ನೀರು ಗಡಸೋ ಮೆದುವೋ ತಿಳಿಯುವುದು ಹೇಗೆ?

ನೀರಿನಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು, 120ರವರೆಗೆ ಮಧ್ಯಮ, 180ರವರೆಗೆ ಗಡಸು, ಅದರ ಮೇಲೆ ತುಂಬಾ ಗಡಸು ಎಂಬುದು ಬಳಕೆಯಲ್ಲಿರುವ ಒಂದು ವಿಂಗಡಣೆ. ಯಂತ್ರದ ಕೈಪಿಡಿಯಲ್ಲಿ ಜರ್ಮನ್ ಡಿಗ್ರಿಯ ಲೆಕ್ಕವಿದ್ದರೆ ಅದನ್ನು 17.8ರಿಂದ ಗುಣಿಸಿ. ಪಟ್ಟಿ ಇಲ್ಲದವರು ನೀರು ಕಾಯಿಸುವ ಕೆಟಲ್‌ನ ತಳದಲ್ಲಿ ಸುಣ್ಣದ ಪದರ ಕಟ್ಟಿದೆಯೇ ಎಂದು ನೋಡಿದರೂ ಅಂದಾಜು ಸಿಗುತ್ತದೆ.

ಪುಡಿಗೆ ಅಡುಗೆ ಉಪ್ಪು ಬೆರೆಸಬೇಕಂತೆ, ಹೌದೇ?

ಬೇಡ. ಉಪ್ಪು ಜಿಡ್ಡನ್ನೂ ಬಿಡಿಸುವುದಿಲ್ಲ, ನೀರನ್ನೂ ಮೆದು ಮಾಡುವುದಿಲ್ಲ. ಬದಲಿಗೆ ಅದರ ಕ್ಲೋರೈಡ್ ಸ್ಟೀಲ್ ಚಮಚ, ಚಾಕುಗಳಲ್ಲಿ ಸಣ್ಣ ಗುಳಿ, ತುಕ್ಕಿನ ಚುಕ್ಕೆ ಮಾಡುತ್ತದೆ.

ಈ ಗೊಂದಲ ಹುಟ್ಟಿರುವುದು ಬಹುಶಃ ಯಂತ್ರದ ತಳದಲ್ಲಿರುವ ಉಪ್ಪಿನ ಖಾನೆಯಿಂದ. ಆ ಖಾನೆ ಇರುವುದು ಪಾತ್ರೆಗಾಗಿ ಅಲ್ಲ. ಅಲ್ಲಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳಲ್ಲಿ ಸೋಡಿಯಂ ಮುಗಿದಾಗ ಉಪ್ಪುನೀರು ಅದನ್ನು ಮತ್ತೆ ತುಂಬುತ್ತದೆ. ನಿಮ್ಮ ಯಂತ್ರದಲ್ಲಿ ಈ ಖಾನೆ ಇದ್ದರೆ ತಪ್ಪದೆ ತುಂಬಿಸಿ, ನೀರಿನ ಗಡಸುತನವನ್ನು ಸೆಟ್ಟಿಂಗ್‌ನಲ್ಲಿ ಸರಿಯಾಗಿ ನಮೂದಿಸಿ. ಮನೆಪುಡಿ ಬಳಸುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ. ಅಲ್ಲಿಗೂ ಡಿಶ್‌ವಾಷರ್ ಉಪ್ಪೇ ಬೇಕು. ಅಡುಗೆ ಉಪ್ಪಿನಲ್ಲಿ ಉದುರುದುರಾಗಿರಲೆಂದು ಸೇರಿಸಿದ ಪದಾರ್ಥಗಳು, ಅದರ ನುಣ್ಣನೆಯ ಕಣಗಳು ಖಾನೆಯನ್ನು ಕಟ್ಟಿಸುತ್ತವೆ.

ರಿನ್ಸ್ ಏಡ್ ಬದಲು ವಿನೆಗರ್ ಹಾಕಬಹುದೇ?

ಹೊಳಪು ಬರುವುದು ನಿಜ. ಆದರೆ ರಿನ್ಸ್ ಏಡ್ ಖಾನೆಗೆ ತುಂಬಿದ ವಿನೆಗರ್ ವಾರಗಟ್ಟಲೆ ಅಲ್ಲಿನ ರಬ್ಬರ್ ಸೀಲುಗಳನ್ನು ತೋಯಿಸುತ್ತಲೇ ಇರುತ್ತದೆ, ಕೆಲವು ಬಗೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. 100 ಗ್ರಾಂ ಸಿಟ್ರಿಕ್ ಆಮ್ಲವನ್ನು 900 ಮಿಲಿಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಹಾಕುವವರಿದ್ದಾರೆ. ವಾಸನೆ ಇಲ್ಲ, ಸುಣ್ಣಕ್ಕೂ ಒಳ್ಳೆಯದು. ಹೆಚ್ಚು ಮಾಡಿಟ್ಟರೆ ಬೂಷ್ಟು ಹಿಡಿಯಬಹುದು.

ಆಮ್ಲ ಸುಣ್ಣವನ್ನು ಕರಗಿಸೀತು, ಆದರೆ ನೀರು ಹನಿಗಟ್ಟದೆ ಹಾಳೆಯಂತೆ ಜಾರಿಹೋಗುವ ಹಾಗೆ ಮಾಡಲಾರದು. ಆ ಕೆಲಸ ಅಂಗಡಿಯ ರಿನ್ಸ್ ಏಡ್‌ನಲ್ಲಿರುವ, ನೀರಿನ ಮೇಲ್ಮೈ ಬಿಗಿತ ತಗ್ಗಿಸುವ ಸರ್ಫ್ಯಾಕ್ಟಂಟ್‌ನದು. ಗಡಸು ನೀರಿನ ಮನೆಯಲ್ಲಿ ಪುಡಿ ನಿಮ್ಮದೇ ಇರಲಿ, ರಿನ್ಸ್ ಏಡ್ ಮಾತ್ರ ಕೊಂಡು ತನ್ನಿ ಎಂಬುದು ನನ್ನ ಸಲಹೆ.

ವಿನೆಗರ್ ಅಥವಾ ಯಾವುದೇ ಆಮ್ಲವನ್ನು ಕ್ಲೋರಿನ್ ಬ್ಲೀಚ್ ಜೊತೆ ಬೆರೆಸಲೇಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದರೆ?

ಎರಡು ಹನಿಯೂ ಬೇಡ. ಕೈಗೆ ಹಿತವಾಗುವ ಆ ನೊರೆಯೇ ಯಂತ್ರಕ್ಕೆ ಶತ್ರು. ಪಂಪು ನೀರಿನ ಬದಲು ಗಾಳಿ ಎಳೆದುಕೊಂಡು ಚಿಮ್ಮುವ ರಭಸ ಇಳಿಯುತ್ತದೆ, ನೊರೆ ಬಾಗಿಲ ಸಂದಿಯಿಂದ ನೆಲಕ್ಕೆ ಇಳಿಯುತ್ತದೆ. ಬಾರ್ ಸಾಬೂನಿನ ತುರಿ, ಎಣ್ಣೆಯಿಂದ ಮಾಡಿದ ದ್ರವ ಸಾಬೂನು ಇವಕ್ಕೂ ಇದೇ ಮಾತು. ಅವು ಗಡಸು ನೀರಿನಲ್ಲಿ ಬೂದು ಬಣ್ಣದ ಅಂಟು ಗಸಿಯನ್ನೂ ಬಿಡುತ್ತವೆ.

ಯಾರೋ ಹಾಕಿಬಿಟ್ಟಿದ್ದರೆ ಯಂತ್ರ ನಿಲ್ಲಿಸಿ, ನೊರೆ ಬಾಚಿ ತೆಗೆಯಿರಿ, ಉಳಿದದ್ದರ ಮೇಲೆ ಒಂದು ಹಿಡಿ ಉಪ್ಪು ಚೆಲ್ಲಿ. ನೊರೆ ಕುಗ್ಗಿದ ಮೇಲೆ ನೀರು ಹೊರಬಿಟ್ಟು ಬರೀ ನೀರಲ್ಲಿ ಒಮ್ಮೆ ಓಡಿಸಿ.

ಅಂಟುವಾಳ ಕಾಯಿ, ಬೂದಿ, ನಿಂಬೆ ಸಿಪ್ಪೆ ಬಳಸಬಾರದೇ? ಅವು ಅಪ್ಪಟ ನೈಸರ್ಗಿಕವಲ್ಲವೇ?

ಕೈ ತೊಳೆತಕ್ಕೆ ಅಂಟುವಾಳ ಚೆನ್ನ. ಅದರಲ್ಲಿರುವ ಸಪೋನಿನ್ ನೊರೆ ಕೊಡುವಂಥದ್ದು, ಹಾಗಾಗಿ ಯಂತ್ರಕ್ಕೆ ಹೊಂದುವುದಿಲ್ಲ. ಕಷಾಯ ಕಾಸಿ ಹಾಕಿದರೂ ಕ್ಷಾರದ ಕೆಲಸ ಆಗುವುದಿಲ್ಲ.

ಬೂದಿಯ ಕಥೆ ಸ್ವಾರಸ್ಯಕರ. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬನೇಟ್ ಇದೆ, ಅದು ವಾಷಿಂಗ್ ಸೋಡಾದ ಸೋದರನೇ ಸರಿ. ಬೂದಿ ಜಿಡ್ಡು ಬಿಡಿಸುವುದರ ಹಿಂದಿನ ಗುಟ್ಟು ಅದೇ. ಆದರೆ ಅದರ ಜೊತೆ ಬರುವ ಕರಗದ ಸುಣ್ಣ, ಮರಳಿನಂಥ ಕಣಗಳು ಫಿಲ್ಟರನ್ನೂ ನೀರು ಚಿಮ್ಮುವ ಸಣ್ಣ ತೂತುಗಳನ್ನೂ ಮುಚ್ಚಿಹಾಕುತ್ತವೆ. ನಿಂಬೆ ಸಿಪ್ಪೆ ಸುವಾಸನೆ ಕೊಡುತ್ತದೆ, ಬೀಜವನ್ನು ಪಂಪಿಗೆ ಕೊಡುತ್ತದೆ. ಅದರ ರಸ ಸೋಡಾದ ಶಕ್ತಿಯನ್ನು ಅಷ್ಟಿಷ್ಟು ಕುಗ್ಗಿಸುತ್ತದೆ ಕೂಡ.

ಬೋರಾಕ್ಸ್ (ಬಿಳಿಗಾರ)?

ಹಳೆಯ ಪಾಕವಿಧಾನಗಳಲ್ಲೆಲ್ಲ ಇದೆ. ನಾನು ಸೇರಿಸುವುದಿಲ್ಲ. ಐರೋಪ್ಯ ಒಕ್ಕೂಟ ಅದನ್ನು ಸಂತಾನಶಕ್ತಿಗೆ ಹಾನಿಕರ ಪದಾರ್ಥಗಳ ಸಾಲಿಗೆ ಸೇರಿಸಿದೆ. ಉಣ್ಣುವ ತಟ್ಟೆಗೆ ಅದು ಬೇಕೇ ಬೇಕು ಎನ್ನುವಂಥ ಉಪಯೋಗವೂ ಇಲ್ಲ.

ಪುಡಿ ಕಲ್ಲಾಗಿಬಿಟ್ಟಿದೆ. ಏನು ಮಾಡಲಿ?

ಸಿಟ್ರೇಟ್ ಹಾಕಿದ ಪುಡಿಯಾದರೆ ಕುಟ್ಟಿ ಬಳಸಿ, ಶಕ್ತಿ ಅಷ್ಟೇನೂ ಕುಂದಿರುವುದಿಲ್ಲ. ಸಿಟ್ರಿಕ್ ಆಮ್ಲ ಹಾಕಿದ್ದಾದರೆ ಡಬ್ಬಿಯಲ್ಲೇ ಪ್ರತಿಕ್ರಿಯೆ ನಡೆದಿದೆ. ಮೇಲಿನ ಅಳತೆಯಲ್ಲೇ ಮಾಡಿದ್ದರೆ ಸಿಟ್ರೇಟೂ ಸೋಡಾವೂ ಉಳಿದೇ ಇರುತ್ತವೆ, ಅದನ್ನೂ ಕುಟ್ಟಿ ಬಳಸಬಹುದು. ಪರ್‌ಕಾರ್ಬನೇಟ್ ಬೆರೆಸಿಟ್ಟದ್ದು ಗಟ್ಟಿಯಾಗಿದ್ದರೆ ಕಲೆ ತೆಗೆಯುವ ಗುಣ ಬಹುಮಟ್ಟಿಗೆ ಹೋಗಿರುತ್ತದೆ. ಅದು ನಿಧಾನವಾಗಿ ಆಮ್ಲಜನಕ ಬಿಡುವ ಪದಾರ್ಥವಾದ್ದರಿಂದ ಅದರ ಡಬ್ಬಿಯ ಮುಚ್ಚಳ ತೀರಾ ಬಿಗಿಯಾಗಿರಬಾರದು, ತೇವವೂ ತಾಗಬಾರದು.

ಯಂತ್ರದ ಪುಡಿ ಖಾನೆಯನ್ನೂ ಪ್ರತಿ ಸಲ ಒರೆಸಿಯೇ ತುಂಬಿ. ಖಾನೆಯಲ್ಲಿ ಒಂದು ಹನಿ ನೀರಿದ್ದರೂ ಪುಡಿ ಅಲ್ಲೇ ಗಟ್ಟಿಯಾಗಿ ಉಳಿದು, ತೊಳೆತ ಬರೀ ನೀರಲ್ಲಿ ಮುಗಿದಿರುತ್ತದೆ.

ಮಾತ್ರೆಯಾಗಿ ಅಥವಾ ದ್ರವವಾಗಿ ಮಾಡಿಟ್ಟುಕೊಳ್ಳಬಹುದೇ?

ಮಾತ್ರೆ ಮಾಡಲು ನೀರು ಚಿಮುಕಿಸಬೇಕು. ಆಮ್ಲವಿದ್ದರೆ ಅಲ್ಲೇ ಉಬ್ಬಿ ಬುರುಗಾಗುತ್ತದೆ. ದ್ರವವಂತೂ ಬೇಡವೇ ಬೇಡ: ಸೋಡಾ, ಸಿಟ್ರಿಕ್ ಆಮ್ಲ, ನೀರು ಮೂರನ್ನೂ ಮುಚ್ಚಿದ ಬಾಟಲಿಯಲ್ಲಿಟ್ಟರೆ ಒಳಗಿನ ಅನಿಲದ ಒತ್ತಡಕ್ಕೆ ಬಾಟಲಿ ಒಡೆಯಬಹುದು.

ಪರಿಮಳಕ್ಕೆ ಸುಗಂಧ ತೈಲ?

ಎಣ್ಣೆ ತೆಗೆಯಲು ಹೊರಟವರು ಎಣ್ಣೆ ಹಾಕುವುದೇಕೆ? ಶುಚಿಯಾದ ತಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ.

ಯಾವ ಪಾತ್ರೆಗಳನ್ನು ಹಾಕಬಾರದು?

ಅಲ್ಯೂಮಿನಿಯಂ ಮೊದಲನೆಯದು. ಕ್ಷಾರ ತಗುಲಿದರೆ ಅದು ಕಪ್ಪಡರುತ್ತದೆ. ಹಿತ್ತಾಳೆ, ತಾಮ್ರ, ಎರಕದ ಕಬ್ಬಿಣ, ಮರದ ಸೌಟು, ಕೈಯಿಂದ ಬಣ್ಣ ಬಳಿದ ಪಿಂಗಾಣಿ, ಕ್ರಿಸ್ಟಲ್ ಗಾಜು ಇವೂ ಬೇಡ. ಬೆಳ್ಳಿ ಚಮಚವನ್ನು ಸ್ಟೀಲ್ ಚಮಚಕ್ಕೆ ತಾಗಿಸಿ ಇಡಬೇಡಿ.

ಮನೆಪುಡಿಯಿಂದ ಯಂತ್ರ ಹಾಳಾಗುತ್ತದೆಯೇ?

ಮೇಲಿನ ಪದಾರ್ಥಗಳು ಅಂಗಡಿಯ ಪುಡಿಗಳಲ್ಲೂ ಇರುವಂಥವೇ. ತೊಂದರೆ ಬರುವುದು ಹೆಚ್ಚಾಗಿ ನೊರೆ, ಸುಣ್ಣ, ಕಟ್ಟಿದ ಫಿಲ್ಟರ್‌ಗಳಿಂದ. ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ತಿಂಗಳಿಗೊಮ್ಮೆ ಖಾಲಿ ಯಂತ್ರದ ತಳಕ್ಕೆ ಸುಮಾರು 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಕಡಿಮೆ ಬಿಸಿಯ ಪ್ರೋಗ್ರಾಂ ಓಡಿಸಿ. ಕಡಿಮೆ ಬಿಸಿ ಏಕೆಂದರೆ, ಸುಣ್ಣ ಕರಗಿ ಉಂಟಾಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ, ಮತ್ತೆ ಪದರವಾಗಿ ಕೂರುತ್ತದೆ.

ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ಕೈಪಿಡಿಯಲ್ಲಿ ಡಿಟರ್ಜೆಂಟ್ ಬಗ್ಗೆ ಏನು ಬರೆದಿದೆ ಎಂದು ಓದಿ ಮುಂದುವರಿಯಿರಿ.

ಇವೆಲ್ಲ ನಿಜಕ್ಕೂ ಪ್ರಕೃತಿಯಿಂದ ಬಂದವೇ?

ಭಾಗಶಃ. ವಾಷಿಂಗ್ ಸೋಡಾವನ್ನು ಟ್ರೋನಾ ಎಂಬ ಅದಿರಿನಿಂದ ತೆಗೆಯುತ್ತಾರೆ. ಅಮೆರಿಕದ ವಯೋಮಿಂಗ್‌ನಲ್ಲಿ ಅದರ ದೊಡ್ಡ ನಿಕ್ಷೇಪವಿದೆ. ಇಲ್ಲವೇ, ಬೆಲ್ಜಿಯಂನ ರಸಾಯನತಜ್ಞ ಅರ್ನೆಸ್ಟ್ ಸಾಲ್ವೇ 1861ರಲ್ಲಿ ರೂಪಿಸಿದ ವಿಧಾನದಲ್ಲಿ ಉಪ್ಪು ಮತ್ತು ಸುಣ್ಣಕಲ್ಲಿನಿಂದ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಸಿಟ್ರಿಕ್ ಆಮ್ಲ ನಿಂಬೆಯಿಂದ ಬರುತ್ತದೆ ಎಂದುಕೊಂಡವರೇ ಹೆಚ್ಚು. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಸಕ್ಕರೆ ತಿಂದು ಧಾರಾಳವಾಗಿ ಈ ಆಮ್ಲ ಕೊಡುತ್ತದೆ ಎಂದು ಅಮೆರಿಕದ ರಸಾಯನತಜ್ಞ ಜೇಮ್ಸ್ ಕರಿ 1917ರಲ್ಲಿ ತೋರಿಸಿದ ಮೇಲೆ ಈ ಉದ್ಯಮವೇ ಬೂಷ್ಟಿನ ಕಡೆ ಹೊರಳಿತು. ಪರ್‌ಕಾರ್ಬನೇಟ್ ಪೂರ್ತಿ ಕಾರ್ಖಾನೆಯದು, ಆದರೆ ಕೊನೆಗೆ ಸೋಡಾ, ನೀರು, ಆಮ್ಲಜನಕವಾಗಿ ಒಡೆಯುತ್ತದೆ.

ನೀರು ಮೆದು ಮಾಡಲು ಅಂಗಡಿಯ ಪುಡಿಗೆ ಹಾಕುತ್ತಿದ್ದ ಫಾಸ್ಫೇಟ್ ತಪ್ಪಿಸಲೆಂದೇ ಮನೆಪುಡಿ ಮಾಡುವವರಿಗೆ ಒಂದು ಮಾತು: ಕೆರೆ, ನದಿಗಳಲ್ಲಿ ಪಾಚಿ ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ 2017ರ ಜನವರಿಯಿಂದ ಡಿಶ್‌ವಾಷರ್ ಪುಡಿಗಳಲ್ಲಿ ಅದಕ್ಕೆ ಬಿಗಿ ಮಿತಿ ಹಾಕಿದೆ. ಫಾಸ್ಫೇಟ್ ಇಲ್ಲದ ಪುಡಿ ಅಂಗಡಿಯಲ್ಲೂ ಸಿಗುತ್ತದೆ. ಪೊಟ್ಟಣ ಓದಿ.

ಯಂತ್ರದಿಂದ ಹೊರಬರುವ ನೀರನ್ನು ಗಿಡಗಳಿಗೆ ಬಿಡಬಹುದೇ?

ಬೇಡ. ಕ್ಷಾರವೂ ಸೋಡಿಯಂ ಕೂಡ ಮಣ್ಣಿಗೆ ಒಳ್ಳೆಯದಲ್ಲ. ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ನೀರು ಹತ್ತುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದಾರೆ. ಎಚ್ಚರಿಕೆ ಏನು?

ಡಬ್ಬಿಯ ಮೇಲೆ ಹೆಸರು ಬರೆದು ಎತ್ತರದಲ್ಲಿಡಿ. ಸಕ್ಕರೆ, ಉಪ್ಪಿನ ಡಬ್ಬಿಯಂಥದ್ದರಲ್ಲಿ ಖಂಡಿತ ಇಡಬೇಡಿ, ನೋಡಲು ಎಲ್ಲವೂ ಒಂದೇ ಥರ. ಬೆರೆಸುವಾಗ ಕೈಗವಸು ಹಾಕಿಕೊಳ್ಳಿ, ದೂಳು ಉಸಿರಿಗೆ ಹೋಗದಂತೆ ನಿಧಾನವಾಗಿ ಸುರಿಯಿರಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಪುಡಿ, ಅಂಗಡಿಪುಡಿ ಎರಡನ್ನೂ ಬಳಸಬಹುದೇ?

ಬಳಸಬಹುದು, ಹಾಗೆ ಮಾಡುವುದೇ ಜಾಣತನ ಎಂದು ನನಗನಿಸುತ್ತದೆ. ದಿನನಿತ್ಯದ ಲೋಟ, ತಟ್ಟೆಗಳಿಗೆ ಮನೆಪುಡಿ, ವಾರಕ್ಕೊಮ್ಮೆ ಕಿಣ್ವವಿರುವ ಮಾತ್ರೆ. ಮನೆಪುಡಿಯಲ್ಲೇ ತೊಳೆಯುತ್ತಿದ್ದರೆ ತಟ್ಟೆಗಳ ಮೇಲೆ ಕಣ್ಣಿಗೆ ಕಾಣದ ಪಿಷ್ಟದ ಪೊರೆ ಕೂಡುತ್ತಾ ಹೋಗುತ್ತದೆ. ಒಂದು ಹನಿ ಅಯೋಡಿನ್ ಟಿಂಚರ್ ಬಿಟ್ಟು ನೋಡಿ, ನೀಲಿಗಪ್ಪಾದರೆ ಪಿಷ್ಟ ಇದೆ. ವಾರದ ಆ ಒಂದು ಮಾತ್ರೆ ಅದನ್ನು ತೆಗೆಯುತ್ತದೆ. ಆದರೆ ಎರಡನ್ನೂ ಒಂದೇ ತೊಳೆತಕ್ಕೆ ಬೆರೆಸಬೇಡಿ. ಅಂಗಡಿಯದ್ದರಲ್ಲಿ ಕ್ಲೋರಿನ್ ಬ್ಲೀಚ್ ಇದ್ದು ನಿಮ್ಮದರಲ್ಲಿ ಸಿಟ್ರಿಕ್ ಆಮ್ಲ ಇದ್ದರೆ ಅಪಾಯ.